ಶನಿವಾರ ಬರ್ತಾರೆ ಅಂದವಳು

ಗುರುವಾರ ಮಧ್ಯಾಹ್ನ ಲಿಫ್ಟ್ ಮೆಕ್ಯಾನಿಕ್ಕಿನ ಹೆಂಡತಿ ಗಂಡನಿಗೆ ಗೊತ್ತಾಗದ ಹಾಗೆ ಅವನ ಹಳೆಯ ಕಂಪನಿಗೆ ಫೋನ್ ಮಾಡಿ, ಮ್ಯಾನೇಜರಿಗೆ ಕೊಡಿ ಎಂದಳು. “ನಮ್ಮನೆಯವರು ಒಪ್ಪಿದಾರೆ ಸಾರ್. ಈ ಶನಿವಾರದಿಂದಲೇ ಬರ್ತಾರೆ,” ಅಂದಳು. ಬೆಳಿಗ್ಗೆ ಎಂಟೂವರೆಗೆ ವ್ಯಾನ್ ಕಳಿಸುತ್ತೇನೆಂದ ಮ್ಯಾನೇಜರ್. ಫೋನ್ ಇಟ್ಟು ಅವಳು ಮತ್ತೆ ಹೊಲಿಗೆ ಯಂತ್ರದ ಮುಂದೆ ಕುಳಿತಳು.

ಗಂಡ ಆ ಕಂಪನಿಯಲ್ಲಿ ಹನ್ನೊಂದು ವರ್ಷ ದುಡಿದಿದ್ದ. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಹೊತ್ತು ಮುಳುಗುವ ತನಕ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಅವರ ಕ್ರೈಸ್ತ ಸಭೆಯವರಿಗೆ ಅದು ಸಬ್ಬತ್, ದುಡಿಯದೆ ದೇವರಿಗೆ ಮೀಸಲಿಡುವ ದಿನ. ಯಾರಾದರೂ ಲಿಫ್ಟಿನೊಳಗೆ ಸಿಕ್ಕಿಕೊಂಡರೆ ಮಾತ್ರ ಪ್ರಾರ್ಥನೆಯ ನಡುವಿನಿಂದಲೇ ಎದ್ದು ಓಡುತ್ತಿದ್ದ. ಜೀವ ಉಳಿಸುವುದಕ್ಕೆ ವಾರ ಯಾವುದಾದರೇನು ಅನ್ನುತ್ತಿದ್ದ. ಜೊತೆಯವರು ‘ಶನಿವಾರದಣ್ಣ’ ಎಂದು ಕಾಲೆಳೆದರೂ ತಮ್ಮ ಭಾನುವಾರದ ಪಾಳಿಗಳನ್ನೆಲ್ಲ ಅವನ ತಲೆಗೆ ಕಟ್ಟಿ ಹಾಯಾಗಿದ್ದರು. ಹೊಸ ಮ್ಯಾನೇಜರ್ ಬಂದವನೇ ಆಫೀಸು ಕಟ್ಟಡಗಳ ಸರ್ವಿಸನ್ನೆಲ್ಲ ಶನಿವಾರಕ್ಕೆ ಹಾಕಿದ. ಮೂರು ಶನಿವಾರ ಇವನು ಹೋಗಲಿಲ್ಲ. ನಾಲ್ಕನೆಯದಕ್ಕೆ ಕೆಲಸ ಹೋಯಿತು. ಶನಿವಾರಕ್ಕೆ ಒಪ್ಪಿದ ದಿನ ವಾಪಸ್ಸು ಬಾ ಎಂದಿದ್ದ ಮ್ಯಾನೇಜರ್.

ಐದು ತಿಂಗಳಾಯಿತು. ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಎಲ್ಲವೂ ಸುಸೂತ್ರವಾಗಿರುತ್ತಿತ್ತು, ಶನಿವಾರದ ಮಾತು ಬರುವ ತನಕ. ಅವನ ಅಣ್ಣ ಬಂದು, ದೇವರೇನು ನಿನ್ನ ಹಾಜರಿ ತಗೋತಾನಾ ಎಂದು ಹಂಗಿಸಿ ಹೋದ. ಇವನು ಅಣ್ಣನನ್ನು ಬಸ್‌ಸ್ಟಾಪಿನ ತನಕ ಬಿಟ್ಟು ಬಂದ. ಮೈಗೆ ಅಂಗಿ ದೊಗಳೆಯಾಗುತ್ತ ಬಂತು. ಅವಳೇ ಎರಡು ಸಲ ಒಳಹೊಲಿಗೆ ಹಾಕಿ ಬಿಗಿ ಮಾಡಿಕೊಟ್ಟಳು. ಅವಳೂ ಸಭೆಗೆ ಹೋಗುವವಳೇ. ಆದರೆ ಇವನನ್ನು ಹೀಗೆ ಕರಗಲು ಬಿಟ್ಟು ತಾನು ಯಾವ ಬಾಯಲ್ಲಿ ದೇವರ ಹಾಡು ಹಾಡಲಿ ಅನ್ನಿಸಿಯೇ ಆ ಫೋನ್ ಮಾಡಿದ್ದಳು.

ಶುಕ್ರವಾರ ಸಂಜೆಯೊಳಗೆ ಗಂಡನಿಗೆ ಹೇಳಿಬಿಡಬೇಕೆಂದುಕೊಂಡಳು. ನಾಲ್ಕು ಗಂಟೆಗೆ ಮಗಳ ತಲೆ ಬಾಚುವಾಗ ಮಾತು ನಾಲಿಗೆ ತುದಿಗೆ ಬಂತು. ಐದಕ್ಕೆ ಅವನು ನೆಲ ಒರೆಸುವಾಗ ಮತ್ತೆ ಬಂತು. ಕಿಟಕಿಯ ಬೆಳಕು ಗೋಡೆಯ ಮೇಲೆ ಏರುತ್ತಿದ್ದಂತೆ ಅವಳು ಎದ್ದು ಅವನ ಹತ್ತಿರ ಹೋದಳು. ಅಷ್ಟರಲ್ಲಿ ಅವನೇ ಒದ್ದೆ ಬಟ್ಟೆ ಹಿಂಡುತ್ತ ಬಾಯಿ ತೆರೆದ.

“ಈಚೆಗೆ ಅನ್ಸುತ್ತೆ, ಇದು ನಂಬಿಕೆ ಅಲ್ವೇನೋ, ಬರೀ ಹಟ ಏನೋ ಅಂತ. ನೀನು ಒಂದು ಸಲ ಬೇಡ ಅಂದಿದ್ರೆ ಬಿಟ್ಟುಬಿಡ್ತಿದ್ದೆ. ಒಂದು ದಿನವೂ ಅನ್ನಲಿಲ್ಲ ನೀನು. ಆ ಒಂದು ಧೈರ್ಯದ ಮೇಲೆ ನಿಂತಿದೀನಿ.”

ಹೇಳಬೇಕಾದ್ದನ್ನು ನುಂಗಿಕೊಂಡು ಅವಳು ಆ ಒದ್ದೆ ಬಟ್ಟೆ ತೆಗೆದುಕೊಂಡು ಹೋಗಿ ಹರವಿದಳು. ಹೊತ್ತು ಮುಳುಗಿತು. ಮೂವರೂ ಮೊಣಕಾಲೂರಿ ಕುಳಿತರು. ಅವನು ಎಲ್ಲರಿಗಾಗಿ ಬೇಡಿಕೊಂಡ, ಮ್ಯಾನೇಜರನ್ನೂ ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ಏಳಕ್ಕೇ, ಈಗ ಬಂದೆ ಎಂದು ಹೇಳಿ ಅವಳು ಹೊರಬಿದ್ದಳು. ವ್ಯಾನ್ ಮನೆ ಬಾಗಿಲಿಗೆ ಬಂದು ಹಾರ್ನ್ ಹೊಡೆದರೆ ಮುಗಿಯಿತು, ಅವನ ಕಾಲ ಕೆಳಗಿನ ನೆಲವೇ ಕುಸಿದಂತೆ. ಬಸ್ಸಿಗೆ ಕಾಯದೆ ಅರ್ಧ ಓಡಿ ಅರ್ಧ ನಡೆದಳು. ಕಂಪನಿಯ ಅಂಗಳದಲ್ಲಿ ವ್ಯಾನಿಗೆ ಗ್ರೀಸ್ ಡಬ್ಬಿ, ಹಗ್ಗದ ಸುರುಳಿಗಳನ್ನು ತುಂಬುತ್ತಿದ್ದರು. ಪಕ್ಕದಲ್ಲಿ ಮ್ಯಾನೇಜರ್ ಪಟ್ಟಿ ಹಿಡಿದು ನಿಂತಿದ್ದ.

“ಸಾರ್, ಅವರು ಬರಲ್ಲ. ಅವರು ಒಪ್ಪೇ ಇಲ್ಲ. ನಾನೇ ಸುಳ್ಳು ಹೇಳಿದ್ದು.”

ಮ್ಯಾನೇಜರ್ ಪಟ್ಟಿಯಲ್ಲಿದ್ದ ಹೆಸರು ಹೊಡೆದುಹಾಕಿದ. ನಂಬಿಕೊಂಡು ಎರಡು ಕಟ್ಟಡಕ್ಕೆ ಮಾತು ಕೊಟ್ಟಿದ್ದೇನೆ, ಈಗ ಅವರಿಗೆ ಏನು ಮುಖ ತೋರಿಸಲಿ ಎಂದು ಎಲ್ಲರೆದುರೇ ಬೈದ. ಬೈಗುಳ ನ್ಯಾಯವಾದದ್ದೇ. ಅವಳು ತಲೆ ತಗ್ಗಿಸದೆ ನಿಂತು ಕೇಳಿಸಿಕೊಂಡಳು. ಕೊನೆಗೆ ಅವನು, “ನೋಡಮ್ಮ, ಇನ್ನು ಈ ಬಾಗಿಲು ಮುಚ್ಚಿತು ಅಂತ ಹೇಳು ಅವನಿಗೆ,” ಎಂದು ವ್ಯಾನ್ ಹತ್ತಿದ.

ಗೇಟಿನ ಹತ್ತಿರ ಕಂಪನಿಯ ಸ್ಟೋರ್ ನೋಡಿಕೊಳ್ಳುವ ಹೆಂಗಸು ಏದುಸಿರು ಬಿಡುತ್ತ ಹಿಂದೆ ಬಂದಳು. ದೊಡ್ಡಾಸ್ಪತ್ರೆಯಲ್ಲಿ ಏಳು ಲಿಫ್ಟಿವೆಯಂತೆ, ಭಾನುವಾರ ಅಂದರೆ ಒಬ್ಬ ಮೆಕ್ಯಾನಿಕ್ಕೂ ನಿಲ್ಲುವುದಿಲ್ಲವಂತೆ, ಅಲ್ಲಿನ ಎಂಜಿನಿಯರ್ ಬೇಸತ್ತು ಹೋಗಿದ್ದಾರಂತೆ. ಚೀಟಿಯಲ್ಲಿ ನಂಬರ್ ಬರೆದು ಅವಳ ಅಂಗೈಗೆ ತುರುಕಿದಳು.

ಮನೆಗೆ ಬಂದು, ಗುರುವಾರದಿಂದ ಹಿಡಿದು ಎಲ್ಲವನ್ನೂ ಗಂಡನೆದುರು ಬಿಚ್ಚಿಟ್ಟಳು. ಅವನ ಮುಖ ಬಿಳುಚಿಕೊಂಡಿತು. ಎದ್ದು ಹೋಗಿ ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ನಿಂತ. ಮಗಳು ಇಬ್ಬರನ್ನೂ ನೋಡಿ ಪುಸ್ತಕದಲ್ಲಿ ಮುಖ ಹುದುಗಿಸಿದಳು.

“ಬೈರಿ ಬೇಕಾದ್ರೆ,” ಅಂದಳು ಅವಳು. “ಆದ್ರೆ ನಿಮ್ಮದು ಹಟ ಅಲ್ಲ. ಹಟ ಮಾಡೋರನ್ನ ನೋಡಿದೀನಿ, ನಮ್ಮಪ್ಪ ಇದ್ರಲ್ಲ. ತಾವು ಸೋತ ದಿನ ಮನೆಯವರನ್ನೆಲ್ಲ ಬೈದು ಸುಡ್ತಿದ್ರು. ನೀವು ಐದು ತಿಂಗಳಲ್ಲಿ ಒಬ್ಬರ ಮೇಲೂ ದನಿ ಎತ್ತಲಿಲ್ಲ. ಹೆದರಿದವಳು ನಾನು. ಇವತ್ತು ಅಷ್ಟು ಜನರ ಮುಂದೆ ನಿಂತಾಗ ಗೊತ್ತಾಯ್ತು, ನೀವು ದಿನಾ ಎಂಥದ್ದನ್ನ ಹೊತ್ಕೊಂಡು ಬರ್ತಿದ್ರಿ ಅಂತ. ಇನ್ಮೇಲೆ ನಾನೂ ಹೊರ್ತೀನಿ.”

ಅವನು ತಿರುಗಿದ. ಕಣ್ಣು ಕೆಂಪಾಗಿತ್ತು.

“ಓಡ್ಕೊಂಡು ಹೋದೆಯಾ?”

“ಅರ್ಧ ದಾರಿ.”

ನೀರು ತಂದು ಅವಳ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತ. ಅವನ ಸಿಟ್ಟು ಅಂದೇ ಇಳಿಯಲಿಲ್ಲ. ಎರಡು ಮೂರು ದಿನ ಮಾತು ಅಳೆದು ತೂಗಿಯೇ ಬರುತ್ತಿತ್ತು.

ಸೋಮವಾರ ಅವನು ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿ ಆಸ್ಪತ್ರೆಗೆ ಹೋದ. ಕುರ್ಚಿಯಲ್ಲಿ ಕೂರುವ ಮೊದಲೇ ಶನಿವಾರದ ವಿಷಯ ತಾನೇ ಎತ್ತಿದ, ರೋಗಿ ಒಳಗೆ ಸಿಕ್ಕಿಕೊಂಡರೆ ಯಾವ ದಿನವಾದರೂ ಬರುತ್ತೇನೆ ಅಂತಲೂ ಹೇಳಿದ. ಎಂಜಿನಿಯರ್ ಕೇಳಿದ್ದು ಒಂದೇ: ಭಾನುವಾರ ಪೂರ್ತಿ ನಿಲ್ತೀಯಾ? ಎರಡು ವಾರ ಓಡಾಡಿಸಿ ಆರು ತಿಂಗಳ ಮಟ್ಟಿಗೆ ತೆಗೆದುಕೊಂಡರು, ಆಮೇಲಿನದು ಆಮೇಲೆ ಎಂದರು.

ಮೊದಲ ಭಾನುವಾರ ಬೆಳಿಗ್ಗೆ ಆರಕ್ಕೆ ಅವನು ಹೊರಟಾಗ ಬೀದಿ ಇನ್ನೂ ಮಲಗಿತ್ತು. ಅವಳು ತಿರುವಿನ ತನಕ ಜೊತೆಗೆ ನಡೆದುಹೋಗಿ ಬಂದಳು.