ಜರ್ನಲ್ಲಿಗೆ ಅಂಟಿಸಿದ ಹಳದಿ ಸಾಲು

ನಮ್ಮ ಡಿಪ್ಲೊಮಾ ಕಾಲೇಜಿನ ಲ್ಯಾಬಿನಲ್ಲಿ ಒಂದು ಪದ್ಧತಿ ಇತ್ತು. ನಾವು ಬರೆದ ಪ್ರೋಗ್ರಾಮನ್ನು ಪರಿಶೀಲಿಸುವ ಕಂಪೈಲರ್ ಸ್ಕ್ರೀನಿನಲ್ಲಿ ಹಳದಿ ಅಕ್ಷರಗಳಲ್ಲಿ ಕೊಟ್ಟ ಎಚ್ಚರಿಕೆಯನ್ನು ಪ್ರಿಂಟ್ ತೆಗೆದು ಜರ್ನಲ್ಲಿಗೆ ಅಂಟಿಸಬೇಕು, ಅದರ ಕೆಳಗೆ ಏನು ಸರಿಪಡಿಸಿದೆವು ಎಂದು ಬರೆದು ಸಹಿ ಹಾಕಬೇಕು. ಎಚ್ಚರಿಕೆ ಸರಿಯೋ ತಪ್ಪೋ ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ. ಲ್ಯಾಬ್ ನೋಡಿಕೊಳ್ಳುತ್ತಿದ್ದ ಕಳಕಪ್ಪ ಸರ್‌ಗೆ ಸ್ಕ್ರೀನ್ ಸ್ವಚ್ಛವಿದ್ದರೆ ಸಾಕು, ಒಳಗೆ ಏನಿದ್ದರೂ ನಡೆಯುತ್ತಿತ್ತು.

ಮೆಣಸಗಿಯ ಹೊಳೆ ದಂಡೆಗೆ ಸೈರನ್ ಹಾಕುವುದು ನಮ್ಮ ಕೊನೆಯ ವರ್ಷದ ಪ್ರಾಜೆಕ್ಟ್. ಪ್ರೋಗ್ರಾಮ್ ಬರೆದವಳು ನಾನು. ಕಂಬದ ಮೇಲಿನ ಸೆನ್ಸರ್ ನೀರಿನ ಮಟ್ಟ ಅಳೆದು ಕಳಿಸಬೇಕು, ಮಟ್ಟ ಏರಿದರೆ ಸೈರನ್ ಕೂಗಬೇಕು. ಸೆನ್ಸರ್ ಕೆಟ್ಟು ಅಳತೆಯೇ ಬರದಿದ್ದರೂ ಕೂಗಲಿ ಎಂದು ಎರಡು ಸಾಲು ಸೇರಿಸಿದ್ದೆ. ಆ ಸಾಲುಗಳಿಂದಾಗಿ, ಅಳತೆ ಬಾರದಿದ್ದಾಗ ಪ್ರೋಗ್ರಾಮ್ ಮಟ್ಟವನ್ನು ಎಲ್ಲೂ ಬಳಸುತ್ತಿರಲಿಲ್ಲ. ಆದರೂ ಕಂಪೈಲರ್ ಒಂದು ಹಳದಿ ಸಾಲು ತೋರಿಸಿತು: ‘ಮಟ್ಟಕ್ಕೆ ಬೆಲೆ ಕೊಡದೆಯೇ ಬಳಸುತ್ತಿರಬಹುದು.’

"ಉದ್ಘಾಟನಾಕ್ಕ ಸಾಹೇಬ್ರು ಬರ್ತಾರ. ಹಳದಿ ಕಾಣಬಾರ್ದು. ಮೊದಲಿಗೇ ಸೊನ್ನಿ ಕೊಟ್ಟಬಿಡು," ಎಂದರು ಸರ್.

"ಸರ್, ಅದು ಸುಳ್ಳ ಹೇಳಾಕತ್ತೈತ್ರಿ. ಸೊನ್ನಿ ಅಂದ್ರ ಹೊಳ್ಯಾಗ ನೀರ ಇಲ್ಲ ಅಂದಂಗ ಆಗತೈತಿ."

"ಜಬೀನಾ, ಜರ್ನಲ್‌ಗೆ ಸಹಿ ಬೇಕೋ ಬ್ಯಾಡೋ?"

ಬೇಕಿತ್ತು. ಸೊನ್ನೆ ಕೊಟ್ಟೆ, ಹಳದಿ ಹೋಯಿತು. ಜರ್ನಲ್ಲಿನಲ್ಲಿ ‘ಸೊನ್ನೆ ಕೊಟ್ಟು ಸರಿಪಡಿಸಿದೆ’ ಎಂದು ಬರೆದು ಸಹಿ ಹಾಕಿದೆ. ಆ ಸಹಿಯನ್ನು ನೆನೆದರೆ ಇವತ್ತಿಗೂ ನನ್ನ ಮೇಲೇ ನನಗೆ ಹೇಸಿಗೆಯಾಗುತ್ತದೆ.

ಕಂಬ ನೆಡುವ ವಾರವೆಲ್ಲ ನನಗೆ ರೊಟ್ಟಿ ಹಾಕಿದವಳು ಗಾಳೆವ್ವ. ಅವಳ ಗಂಡ ಸಣ್ಣಪ್ಪ ಊರ ವಾಲಿಕಾರ. ಮಳೆಗಾಲದಲ್ಲಿ ದಂಡೆಯ ಮೇಲೆ ಕುಳಿತು ನೀರು ಕಾಯುವುದು, ಏರಿದರೆ ಹಲಗೆ ಬಾರಿಸಿ ಊರೆಬ್ಬಿಸುವುದು ಅವನ ಕೆಲಸ. ಸೈರನ್ ಬಂದ ಮೇಲೆ ಪಂಚಾಯಿತಿಯವರು ಇನ್ನು ಕಾಯುವುದು ಬೇಡ ಎಂದರು. "ನಮ್ಮ ಜಬೀನಾನ ಮಷೀನ ಕಾಯತೈತಿ ಬಿಡ್ರಿ," ಎಂದು ಅವನೇ ನಗುತ್ತ ಹಲಗೆಯನ್ನು ಗೂಟಕ್ಕೆ ನೇತು ಹಾಕಿದ.

ಜೂನ್‌ನಲ್ಲಿ ಅಳತೆ ತಪ್ಪಿ ಎರಡು ಸಲ ಸೈರನ್ ಕೂಗಿತು. ಕೂಗಬೇಕಾದದ್ದೇ, ಸೆನ್ಸರ್ ಕೆಟ್ಟಿತ್ತು. ಊರವರು ಗೊಣಗಿದರು. ಕಳಕಪ್ಪ ಸರ್ ಸೆನ್ಸರ್ ನೋಡುವುದು ಬಿಟ್ಟು ನನ್ನ ಆ ಎರಡು ಸಾಲು ಅಳಿಸಿದರು. ನನಗೆ ಒಂದು ಮಾತೂ ಹೇಳಲಿಲ್ಲ. ಈಗ ಅಳತೆ ಬಾರದೆಯೂ ಪ್ರೋಗ್ರಾಮ್ ಆ ಮಟ್ಟವನ್ನು ಬಳಸುತ್ತಿತ್ತು. ಕಂಪೈಲರ್ ಹಳದಿ ಸಾಲು ತೋರಿಸಬೇಕಾದದ್ದು ಆಗ. ತೋರಿಸಲಿಲ್ಲ. ನಾನು ಕೊಟ್ಟ ಸೊನ್ನೆ ಅದರ ಬಾಯಿ ಕಟ್ಟಿತ್ತು.

ಆಗಸ್ಟ್‌ನಲ್ಲಿ ಮಲಪ್ರಭೆ ನಡು ಮಧ್ಯಾಹ್ನ ಏರಿತು. ಸೆನ್ಸರಿನ ಬಾಯಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿತ್ತು. ಅಳತೆ ಬರಲಿಲ್ಲ, ಪ್ರೋಗ್ರಾಮ್ ಸೊನ್ನೆಯನ್ನೇ ನಂಬಿತು, ಸೈರನ್ ಸುಮ್ಮನಿತ್ತು. ನೀರು ಹಿತ್ತಲಿಗೆ ನುಗ್ಗಿದ ಮೇಲೆ ಸಣ್ಣಪ್ಪ ಎಮ್ಮೆ ಬಿಚ್ಚಲು ಓಡಿದ. ಎಮ್ಮೆ ಈಜಿ ದಡ ಸೇರಿತು. ಅವನು ಮೂರನೆಯ ದಿನ ಜಾಲಿ ಕಂಟಿಯಲ್ಲಿ ಸಿಕ್ಕ.

ರೋಣದ ತಾಲೂಕು ಕಚೇರಿಯಲ್ಲಿ ಸಾಹೇಬರೊಬ್ಬರ ಎದುರು ಸಣ್ಣಪ್ಪನ ಸಾವಿನ ವಿಚಾರಣೆ ನಡೆಯಿತು. ಗಾಳೆವ್ವ ಬಾಗಿಲ ಹತ್ತಿರ ನೆಲದ ಮೇಲೆ ಕುಳಿತಿದ್ದಳು. ಕಳಕಪ್ಪ ಸರ್ ನನ್ನ ಜರ್ನಲ್ ತೆರೆದು, ನಾನೇ ಅಂಟಿಸಿದ ಹಾಳೆಯ ಮೇಲೆ ಬೆರಳಿಟ್ಟರು.

"ನೋಡ್ರಿ ಸಾಹೇಬ್ರ, ಕಂಪ್ಯೂಟರ್ ಮೊದಲ ಹೇಳಿತ್ತು. ಈ ಹುಡುಗಿ ಸೊನ್ನಿ ಕೊಟ್ಟು ಮುಚ್ಚಿಟ್ಟಾಳ. ಸಹಿನೂ ಐತಿ."

"ಅವತ್ತ ಅದು ಹೇಳಿದ್ದು ತಪ್ಪರಿ," ಎಂದೆ. "ಸೊನ್ನಿ ಕೊಡಸಿದವರು ಇವರು. ಆಮ್ಯಾಲೆ ಎರಡ ಸಾಲ ತಗದವರೂ ಇವರ."

"ಯಾವ ಸಾಲು? ಎಲ್ಲೈತಿ ತೋರ್ಸು," ಎಂದರು ಸರ್. ಹಳೆಯ ಫೈಲಿನ ಮೇಲೆಯೇ ಹೊಸದನ್ನು ಸೇವ್ ಮಾಡಿದ್ದರು, ನನ್ನ ಸಾಲುಗಳು ಎಲ್ಲೂ ಇರಲಿಲ್ಲ. ಎಚ್ಚರಿಕೆ ಮಾತ್ರ ಕಾಗದದ ಮೇಲೆ ಉಳಿದಿತ್ತು.

"ತಂಗಿ, ಮಷೀನ್ ಯಾಕ ಸುಳ್ಳ ಹೇಳತೈತಿ?" ಎಂದು ಸಾಹೇಬರು ಜರ್ನಲ್ ಮುಚ್ಚಿದರು.

ಅವರು ಏನು ಬರೆದುಕೊಂಡರೂ ನನಗೆ ಚಿಂತೆ ಇರಲಿಲ್ಲ. ಗಾಳೆವ್ವ ಒಬ್ಬಳು ನನ್ನನ್ನು ನಂಬಿದರೆ ಸಾಕಿತ್ತು. ಹೊರಗೆ ಬೇವಿನ ಮರದ ಕೆಳಗೆ ಅವಳ ಎದುರು ಕುಳಿತೆ.

"ಯವ್ವಾ, ಕಂಪ್ಯೂಟರ್ ಅವತ್ತ ಹೇಳಿದ್ದು ಖರೇನ ಸುಳ್ಳು. ನಿನ್ನ ಕೈಯಾಗ ಉಂಡೀನಿ, ನಿನ್ನ ಆಣಿಗೂ ಸುಳ್ಳು."

ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ಆ ಎಚ್ಚರಿಕಿ ಸುಳ್ಳ ಅಂತೀ," ಎಂದಳು. "ಮತ್ತ ಹೊಳಿ ಬಂತಲ್ಲವಾ?"