ಗಾದಿಯ ಮೇಲೆ ಎರಡು ತಗ್ಗು

ಜನವರಿಯ ಮೊದಲ ಭಾನುವಾರ ಬೆಳಿಗ್ಗೆ ಮುಝಫರ್ ಮಹಡಿ ಕೋಣೆಯ ಬೀಗ ತೆಗೆದು ಒಳಗೆ ಹೋದಾಗ ಮಂಚದ ಗಾದಿಯ ಮೇಲೆ ಯಾರೋ ಮಲಗಿ ಎದ್ದ ಗುರುತಿತ್ತು.

ಬೇರೆಯವರ ಕಣ್ಣಿಗೆ ಅದು ಕಾಣುತ್ತಿರಲಿಲ್ಲ. ಮೇಲೆ ಹಾಸಿದ್ದ ಬಿಳಿ ಚಾದರದಲ್ಲಿ ಒಂದು ಸುಕ್ಕೂ ಇರಲಿಲ್ಲ. ಆದರೆ ಮುಝಫರ್ ಇಪ್ಪತ್ತೊಂಬತ್ತು ವರ್ಷದಿಂದ ಗಾದಿ ಹೊಲಿಯುವವನು. ತಿಂಗಳಿಗೊಮ್ಮೆ ಗಾದಿಯ ಕೆಳಗೆ ಹೊಸ ಬೇವಿನ ಸೊಪ್ಪು ಹರಡಲು ಬರುತ್ತಿದ್ದ. ಆವತ್ತೂ ಅದಕ್ಕೇ ಬಂದಿದ್ದ. ಚಾದರದ ಮೇಲೆ ಅಂಗೈ ಇಟ್ಟು ತಲೆಯ ಕಡೆಯಿಂದ ಕಾಲಿನ ಕಡೆಗೆ ಎಳೆದ. ನಡುವೆ ಕೈ ತಗ್ಗಿಗೆ ಇಳಿದು ಮತ್ತೆ ಮೇಲೆ ಬಂತು. ಇನ್ನೊಮ್ಮೆ ಎಳೆದು ನೋಡಿದ. ಅದೇ.

ಗಾದಿಯನ್ನು ಬೂರುಗದ ಅರಳೆ ತುಂಬಿ ಅವನೇ ಹೊಲಿದಿದ್ದ. ಎರಡು ವರ್ಷವಾಗಿತ್ತು. ಅದರ ಮೇಲೆ ಇದುವರೆಗೆ ಯಾರೂ ಮಲಗಿರಲಿಲ್ಲ. ಕೋಣೆಯಲ್ಲಿ ಯಾರೂ ಇರಬಾರದು ಎಂದು ಅವನೇ ಹೇಳಿದ್ದ. ಮಗಳು ಫರ್ಹಾನಾಗೆ ಮೆಡಿಕಲ್ ಸೀಟು ಸಿಕ್ಕ ದಿನ ಕೋಣೆಯನ್ನು ಅವಳಿಗೆ ತೆರೆದುಕೊಡುವುದು ಎಂದು ತೀರ್ಮಾನವಾಗಿತ್ತು. ಕಳೆದ ಮೇ ತಿಂಗಳಲ್ಲಿ ಅವಳು ನೀಟ್ ಬರೆದಿದ್ದಳು. ಸರ್ಕಾರಿ ಸೀಟಿಗೆ ಅಂಕ ಸಾಲಲಿಲ್ಲ. ಈಗ ಎರಡನೇ ಸಲದ ತಯಾರಿ. ಫಲಿತಾಂಶ ಬಂದ ದಿನವೇ ಟಿ.ವಿ.ಗೆ ಬಟ್ಟೆ ಹೊದಿಸಿದ ಮುಝಫರ್, ಮುಂದಿನ ಪರೀಕ್ಷೆ ಮುಗಿಯುವವರೆಗೆ ನೆಂಟರ ಮನೆ, ಮದುವೆ, ಸಿನಿಮಾ ಯಾವುದೂ ಇಲ್ಲ ಎಂದಿದ್ದ. ತನ್ನ ಗೊರಕೆ ಮಗಳ ಓದಿಗೆ ಅಡ್ಡಿಯಾಗಬಾರದೆಂದು ತಾನೂ ಮನೆಯಲ್ಲಿ ಮಲಗುವುದನ್ನು ಬಿಟ್ಟಿದ್ದ. ಸಂತೆ ಹೊಂಡದ ಹತ್ತಿರವಿದ್ದ ಅಂಗಡಿಯ ಹಿಂಬದಿಯಲ್ಲೇ ಒಂದು ಚಾಪೆ ಹಾಸಿಕೊಳ್ಳುತ್ತಿದ್ದ. ಮಧ್ಯಾಹ್ನದ ಊಟವೂ ಡಬ್ಬಿಯಲ್ಲಿ ಅಲ್ಲಿಗೇ ಬರುತ್ತಿತ್ತು. ಹೆಂಡತಿ ಅಂಬ್ರೀನ್ ಮಗಳ ಪಕ್ಕ ಚಾಪೆಯ ಮೇಲೆ ಮಲಗಿ ಬೆಳಗಿನ ನಾಲ್ಕಕ್ಕೆ ಅವಳನ್ನು ಎಬ್ಬಿಸುತ್ತಿದ್ದಳು.

ಚಾಪೆ ಆ ಮನೆತನದ ಪದ್ಧತಿ. "ಗಾದಿ ಹೊಲಿಯೋನು ಚಾಪೆ ಮೇಲೆ ಮಲಗ್ಬೇಕು. ಮೆತ್ತಗೆ ಮಲಗಿದೋನಿಗೆ ಬೆಳಕು ಹರಿಯಲ್ಲ" ಎಂದು ಅವನ ತಂದೆ ಉಸ್ಮಾನ್ ಸಾಬ್ ಸಾಯುವವರೆಗೂ ಹೇಳುತ್ತಿದ್ದರು.

ಹಾಗಾದರೆ ಇಲ್ಲಿ ಮಲಗಿದವರು ಯಾರು?

ಕೋಣೆಗೆ ಹೊರಗಿನಿಂದಲೇ ಮೆಟ್ಟಿಲು. ಮನೆಯೊಳಕ್ಕೆ ಬರದೆಯೂ ಹತ್ತಬಹುದು. ಬೀಗದ ಕೈ ಎರಡು: ಒಂದು ಅವನ ಉಡಿದಾರದಲ್ಲಿ, ಇನ್ನೊಂದು ಅಡುಗೆಮನೆಯ ಮೊಳೆಯಲ್ಲಿ. ಅವನು ಯಾರಿಗೂ ಏನೂ ಹೇಳಲಿಲ್ಲ. ಗಾದಿಯನ್ನು ತಾರಸಿಗೆ ಎಳೆದು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದು ತಗ್ಗುಗಳನ್ನೆಲ್ಲ ಎಬ್ಬಿಸಿದ. ಅಂಬ್ರೀನ್ ಕೆಳಗಿನಿಂದಲೇ ಕೇಳಿದಳು.

"ಏನ್ರಿ ಅದು, ಬೆಳ್‍ಬೆಳಿಗ್ಗೆ?"

"ಹುಳ ಬಿದ್ದಾವೆ ಅನಿಸ್ತು."

"ಬಿದ್ದಿದ್ವಾ?"

"ನೋಡಾಣ" ಎಂದ. ಅವಳ ಮುಖದಲ್ಲಿ ಏನಾದರೂ ಕಾಣುತ್ತದೇನೋ ಎಂದು ಬಗ್ಗಿ ನೋಡಿದ. ಅವಳು ಆಗಲೇ ಒಳಗೆ ಹೋಗಿದ್ದಳು.

ಮಾರನೆಯ ದಿನ ಮದಕರಿಪುರದ ತಿಪ್ಪಕ್ಕ ಹಳೇ ಗಾದಿಯೊಂದನ್ನು ಆಟೋದಲ್ಲಿ ಹೇರಿಕೊಂಡು ಅಂಗಡಿಗೆ ಬಂದಳು. ಅರಳೆ ಹಿಂಜಿ ಹೊಸದಾಗಿ ತುಂಬಿಕೊಡಬೇಕಿತ್ತು. ಮುಝಫರ್ ಅದರ ಮೇಲೆ ಕೈಯಾಡಿಸಿದ.

"ತಿಪ್ಪಕ್ಕ, ನಿನ್ನ ಯಜಮಾನಂಗೆ ಬಲಗಡೆ ಸೊಂಟ ನೋವು ಐತಾ?"

"ಅಯ್ಯೋ, ಯಾರು ಹೇಳಿದ್ರು ಸಾಬ್ರೇ?"

"ಗಾದಿ ಹೇಳ್ತು. ಎಡಮಗ್ಗುಲು ಬಿಟ್ಟು ಹೊಳ್ಳೇ ಇಲ್ಲ ಆ ಮನುಷ್ಯ. ನೀನು ಗೋಡೆ ಕಡೆ ಮಲಗ್ತೀಯ. ಅದೂ ಕಾಲು ಮಡಚ್ಕಂಡು."

ತಿಪ್ಪಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ನಿಮ್ ಹತ್ರ ಗಾದಿ ಕೊಡೋದೂ ಒಂದೇ, ಪೊಲೀಸ್ನೋರ ಹತ್ರ ಬಾಯಿ ಬಿಡೋದೂ ಒಂದೇ ಬಿಡ್ರಿ. ಇನ್ನೂ ಏನೇನು ಹೇಳ್ತೈತೋ, ಬೇಗ ಬಿಚ್ಚಿ ಹಾಕ್ರಿ ಅದನ್ನ!"

ಮುಝಫರ್ ನಗಲಿಲ್ಲ.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಮನೆಗೆ ಬಂದು ಸದ್ದಿಲ್ಲದೆ ಮೆಟ್ಟಿಲು ಹತ್ತಿದ. ಬಡಿದು ಮೂರೇ ದಿನವಾಗಿತ್ತು. ಈ ಸಲ ಗುರುತು ಹಳೆಯದರ ಮೇಲೆ ಬಿದ್ದಿರಲಿಲ್ಲ, ಸ್ಪಷ್ಟವಾಗಿತ್ತು. ತಗ್ಗು ಎರಡು. ಗೋಡೆಯ ಕಡೆಯದು ಚಿಕ್ಕದು, ಹಗುರ ಮೈಯದು; ಅಳತೆ ಪಟ್ಟಿ ಹಿಡಿದು ನೋಡಿದರೆ ಸುಮಾರು ಐದಡಿ ಒಂದಿಂಚಿನ ಆಳು. ಫರ್ಹಾನಾಳ ಎತ್ತರವೂ ಅಷ್ಟೇ. ಎರಡನೆಯದು ಬಾಗಿಲ ಕಡೆಗೆ. ಅಂಗಾತ ಮಲಗಿದ ಮೈ. ಭುಜ ಅಗಲ, ಭಾರ ಜಾಸ್ತಿ. ಎಪ್ಪತ್ತು ಕೆಜಿಗೆ ಕಡಿಮೆ ಇಲ್ಲ ಎಂದು ಅವನ ಅಂಗೈ ಹೇಳಿತು. ಆ ಅಂಗೈ ಇಂಥದ್ದರಲ್ಲಿ ತಪ್ಪಿದ್ದು ಅವನಿಗೆ ನೆನಪಿರಲಿಲ್ಲ.

ಮನೆಯಲ್ಲಿ ಅಷ್ಟು ಭಾರದವರು ಇರಲಿಲ್ಲ. ಅವನೇ ಅರವತ್ತಮೂರು ಕೆಜಿ. ಅಂಬ್ರೀನ್ ಐವತ್ತೈದು.

ಕೆಳಗೆ ಇಳಿದು ಅಡುಗೆಮನೆಗೆ ಹೋದ. ಅಂಬ್ರೀನ್ ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

"ಮೇಲಿನ ಬೀಗ ಯಾರು ತೆಗೀತಾರೆ?"

"ಯಾರು ತೆಗೀತಾರೆ? ಹಾಕಿದೋರು ನೀವು, ತೆಗೆಯೋರೂ ನೀವೇ." ಅವಳು ತಲೆ ಎತ್ತಲಿಲ್ಲ. "ಅಂಗಡಿ ಯಾರ ಕೈಯಾಗೆ ಬಿಟ್ಟು ಬಂದ್ರಿ?"

ಅವಳು ಇಲ್ಲ ಎಂದೂ ಹೇಳಿರಲಿಲ್ಲ, ಹೌದು ಎಂದೂ ಹೇಳಿರಲಿಲ್ಲ. ಇದನ್ನು ಅವನು ಗಮನಿಸಿದ.

ಗುರುವಾರ ಮಗಳ ಕೋಚಿಂಗ್ ಸೆಂಟರಿಗೆ ಫೋನ್ ಮಾಡಿದ. ಸೆಂಟರು ಬಿ.ಡಿ. ರಸ್ತೆಯಲ್ಲಿತ್ತು, ಮನೆಗೆ ಹತ್ತು ನಿಮಿಷದ ನಡಿಗೆ. ಒಂದೂಮುಕ್ಕಾಲರಿಂದ ಮೂರರವರೆಗೆ ಊಟದ ಬಿಡುವು ಎಂದರು. ಆ ಬಿಡುವಿನಲ್ಲಿ ಅಲ್ಲೇ ಡಬ್ಬಿ ಉಂಡು ಓದುತ್ತೇನೆ ಎಂದು ಫರ್ಹಾನಾ ಜೂನ್‍ನಲ್ಲೇ ಹೇಳಿದ್ದಳು. "ಮಕ್ಕಳು ಒಳಗೇ ಇರ್ತಾರಾ?" ಎಂದು ಕೇಳಿದ. "ಬಿಡುವಿನಲ್ಲಿ ನಾವು ಹಾಜರಿ ತಗೊಳ್ಳಲ್ಲ ಸರ್" ಎಂದರು.

ಮನೆಯ ಎದುರಿಗೆ ಟೀ ಅಂಗಡಿ ಇಟ್ಟಿರುವ ಮಾರುತಿ ಕೇಳದೆಯೇ ಇನ್ನೊಂದು ಸಂಗತಿ ಹೇಳಿದ. "ಸಾಬ್ರೇ, ಮೇಲುಗಡೆ ಬಾಡಿಗೆಗೆ ಕೊಟ್ರಾ? ಮಧ್ಯಾಹ್ನ ಎರಡರ ಮ್ಯಾಲೆ ಕಿಟಕಿ ತೆಗೆದಿರ್ತೈತೆ."

"ಯಾರನ್ನಾದ್ರೂ ನೋಡ್ದಾ?"

"ನನಗ್ಯಾಕೆ ಬಿಡ್ರಿ ಊರ ಉಸಾಬರಿ" ಎಂದು ಮಾರುತಿ ಗ್ಲಾಸು ತೊಳೆಯತೊಡಗಿದ. ನೋಡಿಲ್ಲ ಎಂದು ಅವನೂ ಹೇಳಲಿಲ್ಲ.

ಶುಕ್ರವಾರ ಹಿರಿಯೂರಿನಿಂದ ಅಕ್ಕ ಹುಸೇನ್ ಬೀ ಫೋನ್ ಮಾಡಿದಳು. ಟೈಲ್ಸ್ ಅಂಗಡಿಯ ಅಮಾನ್‍ನ ಮನೆಯವರು ಅವನಿಗೆ ಫರ್ಹಾನಾಳನ್ನು ಕೇಳುತ್ತಿದ್ದಾರೆ ಎಂದು ಅವಳು ಮೊದಲೂ ಎರಡು ಸಲ ಹೇಳಿದ್ದಳು. ಎರಡೂ ಸಲ ಮುಝಫರ್ ಆಗುವುದಿಲ್ಲ ಎಂದಿದ್ದ.

"ಲೇ ಮುಝಫರ್, ಒಂದ್ಸಲ ನೋಡ್ಕಂಡು ಹೋಗ್ತಾರೆ, ಅಷ್ಟೇ. ಓದೋಳು ಓದ್ಲಿ, ಯಾರು ಬ್ಯಾಡ ಅಂದ್ರು?"

"ನಿಕಾಹ್ ಆದ್ಮೇಲೆ ಓದಿಸ್ತಾರಾ?"

"ಅದನ್ನ ಅವರನ್ನೇ ಕೇಳು."

ಓದಿಸುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆ ಮನೆಯ ಇಬ್ಬರು ಸೊಸೆಯಂದಿರೂ ಓದು ಅರ್ಧಕ್ಕೆ ಬಿಟ್ಟವರು. ಆದರೂ ಗಾದಿ ನೆನಪಾಯಿತು. ಎಪ್ಪತ್ತು ಕೆಜಿ, ಅಗಲ ಭುಜ, ಬಾಗಿಲ ಕಡೆ.

"ಭಾನುವಾರ ಕರ್ಕಂಡು ಬಾ" ಎಂದ.

ಶನಿವಾರ ಎರಡು ಗಂಟೆಗೆ ಅಂಗಡಿಯ ಬಾಗಿಲು ಎಳೆದು ಬೀಗ ಹಾಕಿ ಹೊರಟ. ಬೈಕನ್ನು ಓಣಿಯ ತುದಿಯಲ್ಲೇ ನಿಲ್ಲಿಸಿದ. ಮೇಲಿನ ಕಿಟಕಿ ತೆಗೆದಿತ್ತು. ಚಪ್ಪಲಿ ಕೆಳಗೆ ಬಿಟ್ಟು ಮೆಟ್ಟಿಲು ಹತ್ತಿದ. ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಕಿವಿ ಇಟ್ಟ. ಒಳಗೆ ಗಂಡಸೊಬ್ಬ ಮಾತಾಡುತ್ತಿದ್ದ. ಫರ್ಹಾನಾ ಕಿಲಕಿಲ ನಕ್ಕಳು.

ಆ ನಗು ಕೇಳಿ ಎಷ್ಟು ದಿನವಾಗಿತ್ತೆಂದು ಅವನು ಆಗ ಯೋಚಿಸಲಿಲ್ಲ. ಮುಷ್ಟಿಯಿಂದ ಬಾಗಿಲಿಗೆ ಗುದ್ದಿದ.

"ತೆಗಿ!"

ಗಂಡಸಿನ ಮಾತು ನಿಂತಿತು. ಚಿಲಕ ಸರಿಯಿತು. ಬಾಗಿಲು ತೆಗೆದವಳು ಅಂಬ್ರೀನ್. ಕೂದಲು ಬಿಚ್ಚಿತ್ತು, ಒಂದು ಕೈಯಲ್ಲಿ ಬಾಚಣಿಗೆ. ಫರ್ಹಾನಾ ಗಾದಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮುಂದೆ ಫೋನು, ಪರದೆಯ ಮೇಲೆ ಹಾಸ್ಯ ಕಾರ್ಯಕ್ರಮದವನೊಬ್ಬ ಬಾಯಿ ತೆರೆದು ನಿಂತುಹೋಗಿದ್ದ. ಮುಝಫರ್ ಬಾಗಿಲ ಹಿಂದೆ ನೋಡಿದ. ಬಗ್ಗಿ ಮಂಚದ ಕೆಳಗೂ ನೋಡಿದ. ಖಾಲಿಯಾದ ಡಬ್ಬಿ ಮತ್ತು ಕಡಲೆಕಾಯಿ ಸಿಪ್ಪೆಯ ಪೊಟ್ಟಣ ಬಿಟ್ಟರೆ ಏನೂ ಇರಲಿಲ್ಲ.

"ಏನು ಹುಡುಕ್ತಿದೀರಿ?" ಅಂಬ್ರೀನ್ ಕೇಳಿದಳು.

"ಇನ್ನೊಬ್ರು ಎಲ್ಲಿ?"

"ಯಾವ ಇನ್ನೊಬ್ರು?"

"ಈ ಕಡೆ ಮಲಗೋರು. ನನ್ ಹತ್ರ ಆಟ ಆಡ್ಬ್ಯಾಡ. ಅಳತೆ ತಗಂಡೀನಿ ನಾನು. ಎಪ್ಪತ್ತು ಕೆಜಿ ಮ್ಯಾಲೈತೆ ಆಳು."

ಅಂಬ್ರೀನ್ ಅವನನ್ನೇ ನೋಡಿದಳು. ಬಾಚಣಿಗೆಯನ್ನು ಕಿಟಕಿಯ ಮೇಲಿಟ್ಟಳು. ಗಾದಿಯ ಬಾಗಿಲ ಕಡೆಯ ಅಂಚಿಗೆ ಕೂತು, ಕಾಲು ಮೇಲೆ ತೆಗೆದುಕೊಂಡು ಅಂಗಾತ ಮಲಗಿದಳು.

"ಬರ್ರಿ. ಅಳೀರಿ."

ಅವನು ಅಲುಗಲಿಲ್ಲ.

"ಎಪ್ಪತ್ತೆರಡು" ಎಂದಳು ಅವಳು, ಸೂರು ನೋಡುತ್ತ. "ಥೈರಾಯ್ಡ್ ಗುಳಿಗೆ ನುಂಗಕ್ಕೆ ಹಿಡಿದು ಹತ್ತು ತಿಂಗಳಾತು. ಮೆಡಿಕಲ್ ಸ್ಟೋರಿಂದ ತಂದ್ಕೊಡೋರು ನೀವೇ. ಯಾವುದಕ್ಕೆ ಅಂತ ಒಂದಿನ ಕೇಳೀರಾ? ಊರೋರ ಸೊಂಟ ನೋವೆಲ್ಲ ಗೊತ್ತು ನಿಮಗೆ."

ಮುಝಫರ್ ಚಾದರ ನೋಡಿದ. ಅವಳ ಮೈ ಆ ತಗ್ಗಿನಲ್ಲಿ ಸರಿಯಾಗಿ ಕೂತಿತ್ತು. ಅಂಗೈಯ ಲೆಕ್ಕ ತಪ್ಪಿರಲಿಲ್ಲ. ಐವತ್ತೈದು ಎಂಬುದು ಯಾವ ವರ್ಷದ ತೂಕವೆಂದು ಅವನಿಗೆ ಹೇಳಲಾಗಲಿಲ್ಲ.

ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ಅವನು ದನಿ ಏರಿಸಿದ. "ಹಂಗಾರೆ ಕದ್ದು ಯಾಕೆ ಮಾಡ್ತೀರಿ? ದಿನಾ ಒಂದು ಗಂಟೆ! ಪರೀಕ್ಷೆಗೆ ಇನ್ನು ನಾಲ್ಕು ತಿಂಗಳಿಲ್ಲ. ಅದು ಮುಗಿದ್ಮ್ಯಾಲೆ ಎಷ್ಟು ಬೇಕೋ ಅಷ್ಟು ನಗಬೋದಿತ್ತಲ್ಲ. ಯಾರು ಬ್ಯಾಡ ಅಂತಿದ್ರು?"

"ಹೇಳಿದ್ರೆ ಬಿಡ್ತಿದ್ರಾ?" ಫರ್ಹಾನಾ ಮೊದಲ ಸಲ ಬಾಯಿ ತೆರೆದಳು.

"ಮಾರ್ಕ್ಸ್ ಎಷ್ಟು ಬಂತು?"

"ಡಿಸೆಂಬರ್ ಟೆಸ್ಟ್‌ನಾಗೆ ನಾನೂರ ತೊಂಬತ್ತೆಂಟು. ಇಲ್ಲಿಗೆ ಬರಾಕೆ ಶುರು ಮಾಡಿದ್ದು ಅದಾದ್ಮ್ಯಾಲೆ. ಮೊನ್ನೆ ಐನೂರ ಮೂರು."

ಐದು ಅಂಕ. ಅದು ಯಾವ ಕಡೆಗೂ ಸಾಕ್ಷಿಯಲ್ಲ. ಮೂವರಿಗೂ ಅದು ಗೊತ್ತಿತ್ತು.

"ಸೀಟು ಸಿಗದೇ ಇದ್ರೆ ಈ ರೂಮು ಯಾವಾಗ ತೆಗೀತೀರಿ ಅಪ್ಪ?"

ಅವನು ಉಡಿದಾರದಲ್ಲಿದ್ದ ಬೀಗದ ಕೈ ಮುಟ್ಟಿ ನೋಡಿಕೊಂಡ.

ಫರ್ಹಾನಾ ಫೋನನ್ನು ಬ್ಯಾಗಿಗೆ ಹಾಕಿದಳು. ನಿಧಾನವಾಗಿ ಕೇಳಿದಳು. "ಇನ್ನೊಬ್ರು ಅಂದ್ರಲ್ಲ. ಯಾರು ಅನ್ಕಂಡಿದ್ರಿ?"

ಅಂಬ್ರೀನ್ ಎದ್ದು ಕೂತಳು. ಅವಳಿಗೂ ಆಗಲೇ ಅದು ಪೂರ್ತಿ ಹೊಳೆದದ್ದು.

"ನಾಳೆ ಹಿರಿಯೂರಿಂದ ನಿಮ್ಮತ್ತೆ ಬರ್ತಾಳೆ" ಎಂದ ಮುಝಫರ್. ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಅಮಾನ್ ಮನೆಯೋರ ಜೊತೆ. ನಿನ್ನೆ ಹ್ಞೂಂ ಅಂದ್ಬಿಟ್ಟೆ."

"ಒಂದು ಮಾತು ಕೇಳ್ದೇನೇ?" ಅಂಬ್ರೀನ್ ಅಂದಳು. "ಗಾದೀನ ಕೇಳಿದ್ರಿ, ಮಗಳನ್ನ ಕೇಳ್ಲಿಲ್ಲ?"

ಫರ್ಹಾನಾ ಅಳಲಿಲ್ಲ. ಅವಳು ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಫೋನ್ ಮಾಡ್ರಿ" ಎಂದಳು. "ಈಗ್ಲೇ. ಸ್ಪೀಕರ್ ಹಾಕ್ರಿ."

ಅವನು ಮಾಡಿದ. ಹುಸೇನ್ ಬೀ ಎರಡನೇ ರಿಂಗಿಗೇ ಎತ್ತಿದಳು.

"ಅಕ್ಕ, ನಾಳೆ ಬ್ಯಾಡ."

"ಯಾಕೋ? ಅವರು ಗಾಡಿ ಮಾಡ್ಕಂಡು ತಯಾರಾಗವ್ರೆ!"

"ಹುಡುಗಿ ಓದ್ತಾಳೆ."

"ನಿನ್ನೆನೂ ಓದ್ತಿದ್ಲಲ್ಲ? ಎರಡು ಸಲ ಬ್ಯಾಡ ಅಂದೋನು ನಿನ್ನೆ ಒಂದೇ ಮಾತಿಗೆ ಬಾ ಅಂದೆ. ಇವತ್ತು ಬ್ಯಾಡ ಅಂತೀಯ." ಹುಸೇನ್ ಬೀಯ ದನಿ ತಗ್ಗಿತು. "ಏನೋ ಆಗೈತೆ. ಹುಡುಗಿ ಮ್ಯಾಲೆ ಏನಾದ್ರೂ ಅನುಮಾನನಾ? ನನ್ ಹತ್ರ ಹೇಳು, ಯಾರಿಗೂ ಹೇಳಲ್ಲ."

ಅಕ್ಕನಿಗೆ ಹೇಳಿದ್ದು ಸಂಜೆಯ ಮಗ್ರಿಬ್ ನಮಾಜಿನೊಳಗೆ ಹಿರಿಯೂರಿನ ನೆಂಟರಿಗೆಲ್ಲ ಮುಟ್ಟುತ್ತದೆ. ಏನೂ ಹೇಳದಿದ್ದರೂ ಮುಟ್ಟುತ್ತದೆ, ಬೇರೆ ರೂಪದಲ್ಲಿ. ಮುಝಫರ್ ಮಗಳ ಮುಖ ನೋಡಿದ. ಅವಳು ಕಣ್ಣು ಕದಲಿಸದೆ ಕಾಯುತ್ತಿದ್ದಳು.

"ಇತ್ತು ಅಕ್ಕ" ಎಂದ. "ಅನುಮಾನ ಇತ್ತು. ಅವಳದೇನೂ ಇಲ್ಲ. ನಾನೇ ನನ್ನ ಹೆಂಡ್ತಿ ಮಲಗಿದ ಜಾಗ ನೋಡಿ ಯಾರೋ ಗಂಡಸು ಅನ್ಕಂಡೆ. ಕೇಳ್ದೋರಿಗೆಲ್ಲ ಹಿಂಗೇ ಹೇಳು."

ಆ ಕಡೆಯಿಂದ "ಥೂ, ನಿನ್ನ ಕಣ್ಣಿಗೆ ಏನು ಬಡೀತೋ" ಎಂದು ಹುಸೇನ್ ಬೀ ಫೋನ್ ಇಟ್ಟಳು.

ಸಮಯ ಎರಡೂ ನಲವತ್ತು. ಫರ್ಹಾನಾ ದುಪಟ್ಟಾ ಸರಿ ಮಾಡಿಕೊಂಡು ಬ್ಯಾಗು ಹೆಗಲಿಗೆ ಹಾಕಿದಳು. ಅವನು ಬಾಗಿಲಿನಿಂದ ಸರಿದು ದಾರಿ ಬಿಟ್ಟ. ಏನಾದರೂ ಅನ್ನುತ್ತಾಳೆಂದು ಕಾದ. ಅವಳು ಮೂರು ಮೆಟ್ಟಿಲು ಇಳಿದು ನಿಂತಳು. ತಿರುಗಿ ನೋಡಲಿಲ್ಲ.

"ಅಂಗಡಿ ಎಷ್ಟೊತ್ತಿಗೆ ತೆಗೀತೀರಿ?"

"ಮೂರಕ್ಕೆ ಹೋಗ್ಬೇಕು. ತಿಪ್ಪಕ್ಕನ ಗಾದಿ ಇವತ್ತು ಕೊಡ್ತೀನಿ ಅಂದಿದ್ದೆ."

"ನಾಳೆ ಕೊಡ್ರಿ" ಎಂದಳು ಫರ್ಹಾನಾ. "ಅಮ್ಮಂಗೆ ಒಬ್ಬಳೇ ಇರಾಕೆ ಬೇಜಾರು." ಅಷ್ಟು ಹೇಳಿ ಕ್ಲಾಸಿಗೆ ಹೊರಟುಹೋದಳು.