ಇಲ್ಲದ ಮನೆಯ ಕಂದಾಯ

ಕೈಗೆ ಎಣ್ಣೆ ಹಚ್ಚಿಕೊಂಡು ಎಳೆ ಹಲಸಿನಕಾಯಿಯ ಸಿಪ್ಪೆ ತೆಗೆಯುತ್ತಾ ಕೂತಿದ್ದೆ. ಎಷ್ಟು ಎಣ್ಣೆ ಹಚ್ಚಿದರೂ ಅಂಟು ಬೆರಳಿನ ಸಂದಿಗೆ ಇಳಿಯದೆ ಇರುವುದಿಲ್ಲ. ಮೊಮ್ಮಗಳು ಅನುಪಮಾ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು.

"ಅಜ್ಜಿ, ಮನೆ ಕಂದಾಯದ ರಸೀದಿ ಎಲ್ಲಿಟ್ಟಿದ್ದೀರಿ?"

"ಯಾಕೆ, ಈ ವರ್ಷ ನೀನು ಕಟ್ತೀಯಾ?"

"ನಾನು ಕಟ್ಟಿದ ಹಾಗೇ. ಕಾಲೇಜಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಬೇರೆ ಬೇರೆ ರಾಜ್ಯದಲ್ಲಿ ವಾಸದ ಮನೆಗೆ ಎಷ್ಟು ತೆರಿಗೆ ಅಂತ ಹೋಲಿಸಿ ಬರೀಬೇಕು. ಎಲ್ಲರೂ ನೆಟ್‌ನಲ್ಲಿ ನೋಡಿ ಇಳಿಸ್ತಾರೆ. ನಮಗೆ ಮೂರು ರಾಜ್ಯದಲ್ಲೂ ಜನ ಇದ್ದಾರಲ್ಲ, ನಾನು ನಿಜವಾದ ರಸೀದಿಯೇ ಹಾಕ್ತೀನಿ."

ಅದು ಸರಿ. ಅವಳ ಅಪ್ಪ, ನನ್ನ ಮಗ ಸತೀಶ, ಹೆಂಡತಿ ಜೊತೆ ಕೊಯಮತ್ತೂರಿನಲ್ಲಿ ಮಿಲ್ಲಿನ ಕೆಲಸಕ್ಕಿದ್ದಾನೆ. ನನ್ನ ನಾದಿನಿ ಕಾಮಾಕ್ಷಮ್ಮನನ್ನು ಕೊಟ್ಟಿದ್ದು ವಯನಾಡಿಗೆ, ಮಾನಂದವಾಡಿಯ ಹತ್ತಿರ. ಅನುಪಮಾ ಮಡಿಕೇರಿಯ ಕಾಲೇಜಿಗೆ ಹೋಗುವವಳು, ಹಾಗಾಗಿ ನನ್ನ ಜೊತೆ ಈ ಕಾಲೊನಿಯಲ್ಲಿದ್ದಾಳೆ.

"ಬೀರುವಿನ ಕೆಳಗೆ ಬಿಸ್ಕತ್ತಿನ ಡಬ್ಬ ಇದೆ ನೋಡು" ಎಂದೆ.

ಡಬ್ಬದಿಂದ ಅವಳು ಎರಡು ರಸೀದಿ ತಂದಳು. ಒಂದು ಈ ಕಾಲೊನಿ ಮನೆಯದು. ಗುಡ್ಡ ಜಾರಿ ಮನೆ ಹೋದವರಿಗೆಲ್ಲ ಸರ್ಕಾರ ಸಾಲಾಗಿ ಕಟ್ಟಿಸಿ ಕೊಟ್ಟಿದ್ದು. ಇನ್ನೊಂದು ಹೋದ ಮನೆಯದು. ಅದರಲ್ಲಿ ಹೆಸರು ನಮ್ಮ ಯಜಮಾನರದು, ಬೋಜಪ್ಪ ಎಂದು.

ಅವಳಿಗೆ ಇದು ಹೊಸ ವಿಷಯವಲ್ಲ. ಎರಡು ಸಾವಿರದ ಹದಿನೆಂಟರ ಆಗಸ್ಟಿನಲ್ಲಿ, ಗುಡ್ಡದ ಮೇಲೆ ಏನೋ ಸದ್ದಾಗುತ್ತಿದೆ ಎಂದು ನಮ್ಮನ್ನೆಲ್ಲ ರಸ್ತೆಗೆ ಹತ್ತಿಸಿ, ಅವರು ದನ ಬಿಚ್ಚಿ ಬಿಡಲು ಕೊಟ್ಟಿಗೆಗೆ ಇಳಿದರು. ನಾವು ನೋಡುತ್ತಾ ನಿಂತಂತೆ ತೋಟ, ಕೊಟ್ಟಿಗೆ, ಮನೆ ಮೂರೂ ಸೇರಿ ಕೆಳಗೆ ನಡೆದವು. ನಡೆದವು ಎಂದೇ ಹೇಳಬೇಕು, ಬೀಳಲಿಲ್ಲ. ಮಿಲಿಟರಿಯವರು ಹುಡುಕಿದರು, ನಾಯಿ ತಂದರು. ಎರಡು ದನದ ಮೈ ಸಿಕ್ಕಿತು. ಅವರು ಸಿಗಲಿಲ್ಲ.

ಸಿಗದವರಿಗೂ ತಿಥಿ ಮಾಡುವ ಕ್ರಮ ಇದೆ. ವರ್ಷ ತುಂಬಿದಾಗ ನಾನೇ ಮಾತೆತ್ತಿದೆ. ಕಾಮಾಕ್ಷಿ ಒಪ್ಪಲಿಲ್ಲ. "ಬದುಕಿರೋ ಅಣ್ಣನಿಗೆ ಎಡೆ ಇಡ್ತೀರಾ ಅತ್ತಿಗೆ? ನಾನಂತೂ ಬರಲ್ಲ" ಎಂದಳು. ತಲೆಗೆ ಪೆಟ್ಟು ಬಿದ್ದು ಎಲ್ಲೋ ನೆನಪು ತಪ್ಪಿ ಇದ್ದಾನೆ, ಒಂದು ದಿನ ಬಂದರೆ ಪಂಚಾಯಿತಿಯಲ್ಲಿ ಹೋಗಿ ಕೇಳ್ತಾನೆ, ಅಲ್ಲಿ ಅವನ ಹೆಸರು, ಮನೆ ನಂಬರು ಇರಬೇಕು, ಎಂಬುದು ಅವಳ ನಂಬಿಕೆ. ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ಫೋನು ಮಾಡುತ್ತಾಳೆ: "ಅಣ್ಣನ ಹೆಸರಿಂದು ಕಟ್ಟಿದ್ರಾ?" ನಾನು ಕಟ್ಟುತ್ತೇನೆ. ಒಡಹುಟ್ಟಿದವಳನ್ನು ಬಿಟ್ಟು ತಿಥಿ ಮಾಡಲು ನನಗೆ ಮನಸ್ಸು ಬರಲಿಲ್ಲ. ಆದರೆ ನಾನು ಕಣ್ಣು ಮುಚ್ಚುವ ಮೊದಲು ಅವರಿಗೆ ಒಂದು ತುತ್ತು ಇಟ್ಟು ಹೋಗಬೇಕು. ನಾನು ಹೋದ ಮೇಲೆ ಅವರನ್ನು ಯಾರು ನೆನೆಸುತ್ತಾರೆ, ಯಾರು ಬಿಡುತ್ತಾರೆ ಎನ್ನುವುದು ಯಾರಿಗೆ ಗೊತ್ತು.

ಅದಕ್ಕೇ ಅರ್ಜಿಯೊಂದನ್ನು ಬರೆದು ಅದೇ ಡಬ್ಬದಲ್ಲಿಟ್ಟು ವರ್ಷಗಳಾಗಿವೆ. ನಾನು ಅಕ್ಷರ ಕಲಿತ ರಾತ್ರಿ ಶಾಲೆಯಲ್ಲಿ ಅರ್ಜಿ ಬರೆಯಲೂ ಕಲಿಸಿದ್ದರು. ಅಭ್ಯಾಸಕ್ಕೆಂದು ಬೀದಿ ದೀಪ ಬೇಕು, ನಲ್ಲಿ ಬೇಕು ಎಂದು ಬರೆಸಿದ್ದರೇ ಹೊರತು, ಇರುವುದನ್ನು ತೆಗೆದುಹಾಕಿ ಎಂದು ಬರೆಯುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಬರೆದೆ. ಮನೆಯೂ ಮನೆಯ ಯಜಮಾನರೂ ಈಗ ಇಲ್ಲದ ಕಾರಣ ಹೆಸರನ್ನೂ ನಂಬರನ್ನೂ ಪುಸ್ತಕದಿಂದ ತೆಗೆಯಬೇಕಾಗಿ ಕೇಳಿಕೊಳ್ಳುತ್ತೇನೆ, ಎಂದು. ಪಂಚಾಯಿತಿಯ ಬಿಲ್ ಕಲೆಕ್ಟರ್ ಚಂದ್ರುವಿನ ಕೈಗೆ ಒಮ್ಮೆ ಕೊಡಲು ಹೋದೆ. ಅವನು ಓದಿ ಮಡಚಿ ವಾಪಸು ಕೊಟ್ಟ.

"ನನ್ನ ಕೈಗೆ ಕೊಡಬೇಡಿ ಅಮ್ಮ. ನನಗೆ ಹೊಳೇಲಿ ಈಜು ಕಲಿಸಿದವರು ಬೋಜಪ್ಪಣ್ಣ. ಪೋಸ್ಟಿಗೆ ಹಾಕಿ, ಆಫೀಸಲ್ಲಿ ಯಾರಾದರೂ ತೆಗೆದು ನೋಡ್ತಾರೆ."

"ಮತ್ತೆ ರಸೀದಿ ಹರಿಯುವಾಗ ನಿನ್ನ ಕೈ ತಡೆಯಲ್ವಾ?"

"ಕಂಪ್ಯೂಟರ್ ತಗೊಳ್ಳುತ್ತೆ. ನಾನೇನು ಮಾಡಲಿ?"

ಪೋಸ್ಟಿಗೂ ಹಾಕಲಿಲ್ಲ. ಹಾಕಿದರೆ ಕಾಮಾಕ್ಷಿ ಅಣ್ಣನಿಗೆಂದು ತೆರೆದಿಟ್ಟ ಬಾಗಿಲನ್ನು ನಾನೇ ಹೋಗಿ ಮುಚ್ಚಿದ ಹಾಗೆ.

ಅನುಪಮಾ ಟಕಟಕ ಒತ್ತುತ್ತಾ ಕೂತಿದ್ದಳು. ನಮ್ಮಲ್ಲಿ ಜಾಗಕ್ಕೂ ಕಟ್ಟಡಕ್ಕೂ ಬೆಲೆ ಕಟ್ಟಿ ವರ್ಷಕ್ಕೊಮ್ಮೆ ತೆರಿಗೆಯಂತೆ. ತಮಿಳುನಾಡಿನಲ್ಲಿ ಯಾವ ಬೀದಿ, ಎಷ್ಟು ಅಡಿ ಎಂದು ನೋಡಿ ಆರು ತಿಂಗಳಿಗೊಮ್ಮೆಯಂತೆ.

"ಅಪ್ಪನ ಹತ್ತಿರ ಓನರ್ ಅದನ್ನೂ ಬಾಡಿಗೆ ಜೊತೆ ಇಸ್ಕೊಳ್ತಾನಂತೆ" ಎಂದಳು.

"ಒಳ್ಳೇದಾಯ್ತು. ಇನ್ನೊಬ್ಬರ ಮನೆಗೆ ಅವನು ಕಟ್ಟಲಿ."

ಅವಳು ನಗಲಿಲ್ಲ. "ಅಜ್ಜಿ, ಚದರಡಿಗೆ ಎಷ್ಟು ಬೀಳುತ್ತೆ ಅಂತ ಎಲ್ಲ ಮನೆಗೂ ತೆಗೀಬೇಕು. ಹಳೇ ಮನೆಗೆ ಅಳತೆ ಎಷ್ಟು ಹಾಕಲಿ?"

"ರಸೀದಿಯಲ್ಲಿ ಇಲ್ವಾ?"

"ಅದು ಆಗಿನದು. ಈಗ ಸೊನ್ನೆ ತಾನೇ. ಸೊನ್ನೆ ಹಾಕಿದರೆ ಇದು ರೇಟೇ ತೋರಿಸಲ್ಲ, ತಪ್ಪು ಅಂತ ಬರುತ್ತೆ." ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಸಾಲಿನ ಕೊನೆಯಲ್ಲಿ ಏನೋ ಕೆಂಪಗೆ ಕಾಣುತ್ತಿತ್ತು.

"ಹಾಗಾದರೆ ಆ ಸಾಲು ಬಿಡು."

"ಬಿಡಲಾ?" ಎಂದಳು. ಆದರೆ ಬಿಡಲಿಲ್ಲ. ಕಾಮಾಕ್ಷಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ನೆಲದ ಮೇಲಿಟ್ಟಳು.

"ಕಾಮಾಕ್ಷಜ್ಜಿ, ನಿಮ್ಮ ಮನೆ ಟ್ಯಾಕ್ಸ್ ಎಷ್ಟು?"

"ನಮಗೆಲ್ಲಿ ಟ್ಯಾಕ್ಸು ಮಗಾ? ಅರವತ್ತು ಚದರ ಮೀಟರಿನ ಒಳಗಿನ ಮನೆ, ನಾವೇ ಇರೋದು, ಅದಕ್ಕೆ ಇಲ್ಲ ಅಂತ ಮಾಡಿ ಎರಡು ಮೂರು ವರ್ಷ ಆಯ್ತು. ಬರ್ಕೋ, ಸೊನ್ನೆ."

"ಅಯ್ಯೋ, ನಿಮ್ಮದೂ ಸೊನ್ನೆ. ನಿಮ್ಮದು ತೆರಿಗೆ ಸೊನ್ನೆ, ಇಲ್ಲಿ ಅಜ್ಜನ ಮನೇದು ಅಳತೆ ಸೊನ್ನೆ. ನನ್ನ ಪ್ರಾಜೆಕ್ಟ್ ಮುಗೀತು." ಹುಡುಗಿ ತಮಾಷೆಗೆ ಹೇಳಿದಳು. ಹೇಳಿದ ಮೇಲೆ ಅವಳಿಗೇ ಗೊತ್ತಾಗಿ ನನ್ನ ಮುಖ ನೋಡಿದಳು.

ಫೋನಿನ ಆಚೆ ಕಡೆ ಕೋಳಿ ಕೂಗುವುದು ಕೇಳುತ್ತಿತ್ತು.

"ಅತ್ತಿಗೆ ಇದ್ದಾರಾ?"

"ಇದ್ದೀನಿ ಕಾಮಾಕ್ಷಿ. ಹಲಸಿನಕಾಯಿ ಹೆಚ್ತಾ ಇದ್ದೀನಿ."

"ಟ್ಯಾಕ್ಸ್ ಇಲ್ಲ ಅಂತ ಮಾಡಿದ ಮೊದಲನೇ ವರ್ಷ ನಾನು ಕಟ್ಟಲಿಕ್ಕೆ ಹೋಗಿದ್ದೆ ಅತ್ತಿಗೆ. ನಿಮಗೆ ಹೇಳಿರಲಿಲ್ಲ. ಬೇಡ ಚೇಚಿ, ಈ ಮನೆಗೆ ಇಲ್ಲ ಅಂತ ವಾಪಸು ಕಳಿಸಿದ್ರು. ನಮ್ಮ ಯಜಮಾನರ ಹೆಸರು ಬರ್ತಿದ್ದದ್ದು ಆ ಚೀಟೀಲಿ ಒಂದೇ. ಅವರು ಹೋದ ಮೇಲೂ ನಾನು ಹೆಸರು ಬದಲಾಯಿಸಿರಲಿಲ್ಲ. ಹೇಗಾದ್ರೂ ತಗೊಳ್ಳಿ ಅಂತ ಅತ್ತುಬಿಟ್ಟೆ ಆಫೀಸಲ್ಲಿ. ನಕ್ಕರು. ತಗೊಳ್ಳಿ ಅಂತ ಅಳೋರನ್ನು ಇವತ್ತೇ ನೋಡಿದ್ದು ಅಂದ್ರು."

"ಆಮೇಲೆ?"

"ಆಮೇಲೇನು? ಮನೆಗೆ ಬಂದೆ. ಮನೆ ಅಲ್ಲೇ ಇತ್ತು. ಅವರು ಹಾಕಿದ ಮೊಳೆ, ಅವರು ಬೆಂಚಿನ ಕಾಲಿಗೆ ಕೊಟ್ಟ ಕಲ್ಲು, ಎಲ್ಲ ಇತ್ತು. ಚೀಟಿ ಇಲ್ಲ ಅಂತ ಏನೂ ಹೋಗಿರಲಿಲ್ಲ." ತಡೆದು ಕೇಳಿದಳು, "ಅಲ್ಲಿ ಈಗ ಏನಿದೆ ಅತ್ತಿಗೆ?"

ಇಷ್ಟು ವರ್ಷದಲ್ಲಿ ಅವಳು ಇದನ್ನು ಕೇಳಿದವಳಲ್ಲ. ಬಂದವಳೂ ಅಲ್ಲ. ನಾನು ಕತ್ತಿ ಕೆಳಗಿಟ್ಟೆ.

"ಕಾಡು ಬೆಳೆದಿದೆ. ಹೋದ ವರ್ಷ ಹೋಗಿದ್ದೆ. ಗುರುತು ಹತ್ತಲಿಲ್ಲ."

"ಬಾವಿ?"

"ಇಲ್ಲ."

"ಹಿತ್ತಿಲಿನ ಕಿತ್ತಳೆ ಮರ? ಅಪ್ಪ ನೆಟ್ಟಿದ್ದು."

"ಇಲ್ಲ ಕಾಮಾಕ್ಷಿ. ಮರ ಇದ್ದ ಜಾಗವೇ ಇಲ್ಲ. ಈಗ ಅಲ್ಲಿ ಹೊಳೆ ಇದೆ."

"ಹಾಗಾದ್ರೆ ಅಣ್ಣ ಬಂದ್ರೂ ನಂಬರ್ ಹಿಡ್ಕೊಂಡು ಎಲ್ಲಿಗೆ ಹೋಗ್ತಾನೆ?"

ನಾನು ಯಾವತ್ತೂ ಆಡದ ಮಾತೊಂದಿತ್ತು. ಅವಳಿಗಾಗಿ ನುಂಗಿಕೊಂಡೇ ಇದ್ದೆ. ಅನುಪಮಾಳ ಎದುರಿಗೆ, ಅಂಟು ಕೈ ಮಡಿಲಲ್ಲಿಟ್ಟುಕೊಂಡು, ಮೆಲ್ಲಗೆ ಹೇಳಿದೆ. "ಬರಲ್ಲ ಕಾಮಾಕ್ಷಿ."

ಫೋನು ನಿಂತುಹೋಯಿತು. ಅವಳೇ ಇಟ್ಟಳೋ, ಸಿಗ್ನಲ್ ಹೋಯಿತೋ ತಿಳಿಯಲಿಲ್ಲ. ಅನುಪಮಾ ಮತ್ತೆ ಮಾಡಲು ಹೋದಳು, ನಾನು ಬೇಡವೆಂದೆ. ಆ ದಿನದ ಪಲ್ಯಕ್ಕೆ ಉಪ್ಪು ಹಾಕಲು ಮರೆತಿದ್ದೆ. ಇಬ್ಬರೂ ಹಾಗೇ ಉಂಡೆವು.

ಒಂದು ವಾರ ಕಾಮಾಕ್ಷಿಯ ಸುದ್ದಿಯಿಲ್ಲ. ನಾನೂ ಫೋನು ಮಾಡಲಿಲ್ಲ. ನನಗೆ ಕಾಯುವುದು ಗೊತ್ತು. ಆದರೆ ಆ ವಾರ ಕಾಯುವುದು ಕಷ್ಟವಾಯಿತು. ಇದ್ದ ಒಬ್ಬ ನಾದಿನಿಯನ್ನೂ ಕಳೆದುಕೊಂಡೆ ಎಂದೇ ಎಣಿಸಿದ್ದೆ. ಆಮೇಲೆ ಒಂದು ಮಧ್ಯಾಹ್ನ ಅವಳೇ ಮಾಡಿದಳು. ದನಿ ಶೀತ ಆದವರ ಹಾಗಿತ್ತು.

"ಅರ್ಜಿ ಬರೆದಿಟ್ಟಿದ್ದೀರಂತೆ. ಅನು ಹೇಳಿದಳು."

"ಹೂಂ."

"ಯಾವಾಗ ಬರೆದದ್ದು?"

"ಆಗಲೇ, ವರ್ಷಗಳಾಯ್ತು."

"ನನಗೆ ಹೇಳಬಹುದಿತ್ತು."

"ಹೇಳಿದ್ದರೆ ನೀನು ಬೈತಿದ್ದೆ."

"ಬೈತಿದ್ದೆ" ಎಂದಳು. ಮೂಗು ಒರೆಸಿಕೊಂಡದ್ದು ಕೇಳಿತು. "ಹಾಕಿಬಿಡಿ ಅತ್ತಿಗೆ. ತಿಥಿಗೆ ದಿನ ನೋಡಿಸಿ ಹೇಳಿ, ಕುಟ್ಟದ ಗಡಿ ದಾಟೋ ಬಸ್ಸಿಗೆ ಬರ್ತೀನಿ. ಅಣ್ಣನಿಗೆ ಇಷ್ಟ ಅಂತ ಹಂದಿ ಗಿಂದಿ ಮಾಡಿಸಬೇಡಿ, ಈಗ ನನಗೆ ಆಗಲ್ಲ."

"ಎಡೆ ಅವರಿಗೆ, ನಿನಗಲ್ಲ" ಎಂದೆ. ಅವಳು ನಕ್ಕಳೋ ಅತ್ತಳೋ, ಎರಡೂ ಒಂದೇ ಥರ ಕೇಳಿಸಿತು.

ಮಾರನೇ ದಿನ ಅನುಪಮಾ ಕಾಲೇಜಿಗೆ ಹೊರಟಾಗ ನಾನೂ ಬಸ್ಸು ಹತ್ತಿದೆ. ಅರ್ಜಿಯನ್ನು ಹೊಸದಾಗಿ ಬರೆಯೋಣವೇ ಎಂದು ಅವಳು ಕೇಳಿದ್ದಳು, ಮಡಿಕೆಯಲ್ಲಿ ಕಾಗದ ಹಳದಿಯಾಗಿತ್ತು. ಬೇಡ ಎಂದೆ. ಹಳೇ ತಾರೀಖು ಮಾತ್ರ ಹೊಡೆದುಹಾಕಿ ಆ ದಿನದ್ದು ಬರೆದೆ. ಮಡಿಕೇರಿಯ ಪೋಸ್ಟ್ ಆಫೀಸಿನಲ್ಲಿ ಕೌಂಟರಿನ ಹುಡುಗಿ ಕವರು ತೂಗಿ, "ಕಳಿಸುವವರ ವಿಳಾಸ ಬರೆದಿಲ್ಲವಲ್ಲ ಅಮ್ಮ" ಎಂದಳು.

ಪೆನ್ನು ಇಸಿದುಕೊಂಡೆ. ಕೈ ಮೊದಲು ಹಳೇ ಮನೆಯ ನಂಬರನ್ನೇ ಬರೆಯಲು ಹೋಯಿತು. ನಿಲ್ಲಿಸಿ, ಪೂವಮ್ಮ, ಕಾಲೊನಿ ಮನೆ, ಎಂದು ಬರೆದು ಕೆಳಗೆ ಊರಿನ ಹೆಸರು ಹಾಕಿದೆ. ನನ್ನ ಹಿಂದೆ ನಿಂತವರು ಸ್ವಲ್ಪ ಬೇಗ ಎಂದರು. ಹುಡುಗಿ ಚೀಟಿ ಅಂಟಿಸಿ, ಕವರನ್ನು ಹಿಂದಿನ ಚೀಲಕ್ಕೆ ಹಾಕಿದಳು.